ಮಡಿಲ ಮಗುವಿನ ಭಾರ

ತುರುವೇಕೆರೆ ಸಂತೆಗೋ ತಿಪಟೂರಿನ ಆಸ್ಪತ್ರೆಗೋ ನಾವು ಬೈಕಿನಲ್ಲಿ ಹೋಗುತ್ತೇವೆ. ಮನೆಯವರು ಗಾಡಿ ಓಡಿಸ್ತಾರೆ. ಹಿಂದೆ ನಾವು, ಮಡಿಲಲ್ಲಿ ಮಗು. "ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ, ಏನೂ ಆಗಲ್ಲ" ಅಂತೀವಿ.

ಲೆಕ್ಕ ಹಾಕೋಣ. ಮಗು 10 ಕಿಲೋ. ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್. ಎದುರಿಗೆ ಗುದ್ದಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಾಡಿ ನಿಂತಿತು. ಮಗು ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಅದನ್ನು ತಡೆಯಲು ಸುಮಾರು 100 ಕಿಲೋ ಎತ್ತುವಷ್ಟು ಬಲ ಬೇಕು. ಕೊಬ್ಬರಿ ಮೂಟೆ ಎತ್ತಲು ಇಬ್ಬರು ಕೈ ಹಾಕುತ್ತಾರೆ, ನಮ್ಮ ಎರಡು ಕೈ ಎಲ್ಲಿ ಸಾಕು? ಆ ಪೆಟ್ಟೂ ಸಣ್ಣದಲ್ಲ. ತೆಂಗಿನ ಮರದ 20 ಅಡಿ ಎತ್ತರದಿಂದ ಬಿದ್ದಷ್ಟು.

ಅದಕ್ಕೇ ಸರ್ಕಾರ 2022ರಲ್ಲಿ ನಿಯಮ ತಂದಿತು. 2023ರಿಂದ ಅದು ಜಾರಿಯಲ್ಲಿದೆ. 4 ವರ್ಷದೊಳಗಿನ ಮಗುವಿಗೆ ಸೇಫ್ಟಿ ಬೆಲ್ಟು ಹಾಕಬೇಕು. ಅದನ್ನು ಮಗುವಿಗೆ ಅಂಗಿಯ ಹಾಗೆ ತೊಡಿಸಬೇಕು. ಅದರ ಪಟ್ಟಿಗಳನ್ನು ಗಾಡಿ ಓಡಿಸುವವರು ಹೆಗಲಿಗೆ ಹಾಕಿಕೊಳ್ಳಬೇಕು. 9 ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ಟೂ ಬೇಕು. ವೇಗ 40 ದಾಟಬಾರದು.

ಬೆಲ್ಟು ಭಾರವಾಗಿದ್ದರೆ ಗಟ್ಟಿ ಅಂತ ಅಲ್ಲ. ಅದು ಹಗುರವಾಗಿರಬೇಕು, 30 ಕಿಲೋ ಭಾರ ತಡೆಯಬೇಕು. ಸೆರಗು ಸುತ್ತಿ ಕಟ್ಟಿದರೆ ಬೆಲ್ಟು ಆಗುವುದಿಲ್ಲ. ಊರಿನ ಅಂಗಡಿಯಲ್ಲಿ ಇಲ್ಲ ಅಂದರೆ, ತರಿಸಿಕೊಡಿ ಅಂತ ಕೇಳೋಣ.