ನೆರವು, ಋಣ ಮತ್ತು ಸಾರ್ವಭೌಮತೆ: ಧಾತು-ಈಶ್ವರದ ಬರದ ನೆಲೆಯಿಂದ ಒಂದು ಅವಲೋಕನ

ವಿಪತ್ತಿಗೊಳಗಾದ ನಾಡಿಗೆ ಹೊರಗಿನಿಂದ ಬರುವ ನೆರವು ಕೇವಲ ಕರುಣೆಯ ಕಾರ್ಯವಲ್ಲ. ಅದನ್ನು ಕೇಳುವವರು ಯಾರು, ಒಪ್ಪುವವರು ಯಾರು, ತೀರಿಸುವವರು ಯಾರು ಎಂಬ ಪ್ರಶ್ನೆಗಳಲ್ಲಿ ಅಧಿಕಾರದ ಸ್ವರೂಪ ಅಡಗಿರುತ್ತದೆ. ಕನ್ನಡದ ‘ಋಣ’ ಎಂಬ ಪದವು ಉಪಕಾರದ ನೆನಪನ್ನೂ ಸಾಲದ ಹೊರೆಯನ್ನೂ ಒಟ್ಟಿಗೆ ಸೂಚಿಸುವುದು ಇಲ್ಲಿ ಗಮನಾರ್ಹ. ಮೈಸೂರು ಸಂಸ್ಥಾನದ 1876–78ರ ಬರದ ಹಿನ್ನೆಲೆಯಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂವತ್ಸರಗಳ ಹೆಸರಿನಿಂದ ‘ಧಾತು-ಈಶ್ವರದ ಬರ’ ಎಂದು ಜನ ಗುರುತಿಸುವ ಈ ಕ್ಷಾಮವು ಮಲೆನಾಡಿಗಿಂತ ಬಯಲುಸೀಮೆಯನ್ನು ಹೆಚ್ಚು ಬಾಧಿಸಿತು. ಇಂದು ತೆಂಗಿನ ಸೀಮೆಯೆನಿಸಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯೂ ಮಳೆ ಮತ್ತು ಕೆರೆಗಳನ್ನು ನಂಬಿದ ಆ ಬಯಲುಸೀಮೆಗೇ ಸೇರಿದುದು. 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 41.86 ಲಕ್ಷಕ್ಕೆ ಇಳಿದಿತ್ತು.

ಆಗ ಮೈಸೂರಿಗೆ ತನ್ನ ಪರವಾಗಿ ಮಾತನಾಡಬಲ್ಲ ಪ್ರಭುತ್ವವಿರಲಿಲ್ಲ. 1831ರಿಂದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಹತ್ತನೆಯ ಚಾಮರಾಜ ಒಡೆಯರು ಇನ್ನೂ ಬಾಲಕರು. 1877ರಲ್ಲಿ ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಯಿಂದ ದಕ್ಷಿಣ ಭಾರತಕ್ಕೆ ದಾನದ ಹಣ ಬಂದಿತಾದರೂ ಸರ್ಕಾರದ ಪರಿಹಾರವೆಚ್ಚ ದಾನವಾಗಿ ಉಳಿಯಲಿಲ್ಲ. ಸಂಸ್ಥಾನದ ಉಳಿತಾಯ ಕರಗಿ, ಭಾರತ ಸರ್ಕಾರಕ್ಕೆ ಸಲ್ಲಬೇಕಾದ 80 ಲಕ್ಷ ರೂಪಾಯಿಗಳ ಸಾಲ ಬೆಳೆಯಿತು. 1881ರ ಮಾರ್ಚ್ 25ರಂದು ಅಧಿಕಾರ ಅರಸರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರ ಆಡಳಿತ ಈ ಸಾಲವನ್ನೂ ಹೊರಬೇಕಾಯಿತು. ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ನಿಬಂಧನೆಯೂ ಜೊತೆಗಿತ್ತು. ಸಂಸ್ಥಾನದ ದುಸ್ಥಿತಿಯಿಂದಾಗಿ ಆ ಏರಿಕೆಯನ್ನು 1896ರವರೆಗೆ ಮುಂದೂಡಲಾಯಿತು. ವೆಚ್ಚವನ್ನು ನಿರ್ಧರಿಸಿದವರು ಒಬ್ಬರು, ತೀರಿಸಿದವರು ಇನ್ನೊಬ್ಬರು.

ಸ್ವತಂತ್ರ ಭಾರತದ ನಿಲುವನ್ನು ಇದರೊಂದಿಗೆ ಹೋಲಿಸಬಹುದು. 2001ರ ಗುಜರಾತ್ ಭೂಕಂಪದಲ್ಲಿ ವಿದೇಶಿ ನೆರವನ್ನು ಸ್ವೀಕರಿಸಿದ ಭಾರತವು 2004ರ ಸುನಾಮಿಯ ಸಂದರ್ಭದಲ್ಲಿ ವಿದೇಶಿ ಸರ್ಕಾರಗಳ ಪರಿಹಾರವನ್ನು ನಿರಾಕರಿಸಿ, ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಗಳಿಗೆ ತಾನೇ ನೆರವು ಕಳುಹಿಸಿತು. ಆದರೆ ಪುನರ್ನಿರ್ಮಾಣಕ್ಕೆ ವಿಶ್ವಬ್ಯಾಂಕಿನ ಸಾಲವನ್ನು ಪಡೆಯಿತು. ಮೈಸೂರಿನ ಪಾಲಿಗೆ ಪರಾಧೀನತೆಯ ಗುರುತಾಗಿದ್ದ ಸಾಲ ಇಲ್ಲಿ ಸ್ವಾಭಿಮಾನದ ಮಾರ್ಗವಾಯಿತು. ಆದ್ದರಿಂದ ಸಾರ್ವಭೌಮತೆಯನ್ನು ನಿರ್ಣಯಿಸುವುದು ಸಾಲವೋ ದಾನವೋ ಎಂಬ ಭೇದವಲ್ಲ; ಒಪ್ಪುವ ಅಥವಾ ನಿರಾಕರಿಸುವ ಹಕ್ಕು ಯಾರದು ಎಂಬುದು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ವಿದೇಶಗಳಿಂದ ಆಮ್ಲಜನಕದ ಸಾಧನಗಳನ್ನು ಸ್ವೀಕರಿಸಿದುದು ಕೂಡ ಇದೇ ಹಕ್ಕಿನ ಚಲಾವಣೆ.

ಆದರೆ ಈ ಹಕ್ಕು ಒಕ್ಕೂಟದೊಳಗೆ ಎಲ್ಲಿ ನೆಲೆಸಿದೆ? 2018ರ ಆಗಸ್ಟ್‌ನಲ್ಲಿ ಕೇರಳ ಮತ್ತು ಕೊಡಗು ಅತಿವೃಷ್ಟಿಗೆ ತುತ್ತಾದಾಗ, ವಿದೇಶಿ ಸರ್ಕಾರಗಳ ಕೊಡುಗೆಯನ್ನು ಒಪ್ಪಬೇಕೆಂದು ಕೇರಳ ಬಯಸಿತು, ಕೇಂದ್ರ ಒಪ್ಪಲಿಲ್ಲ. ಹೊರಗಿನ ನೆರವನ್ನು ನಿರಾಕರಿಸುವ ಪ್ರಭುತ್ವದ ಮೇಲೆ ಒಳಗಿನ ನೆರವಿನ ಹೊಣೆ ಇಮ್ಮಡಿಯಾಗುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯ ಕೋರಿದ್ದು 18,171 ಕೋಟಿ ರೂಪಾಯಿ. ವಿಷಯ ಸುಪ್ರೀಂ ಕೋರ್ಟಿಗೆ ಹೋದ ನಂತರ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ.

ಕಂದಿಕೆರೆಯಂತಹ ಬಯಲುಸೀಮೆಯ ಊರಿನಿಂದ ನೋಡಿದಾಗ 1877ಕ್ಕೂ ಇಂದಿಗೂ ಇರುವ ಅಂತರ ದೊಡ್ಡದು: ಇಂದು ನೆರವನ್ನು ಹಕ್ಕಾಗಿ ಕೇಳಲು ಚುನಾಯಿತ ಸರ್ಕಾರವಿದೆ, ನ್ಯಾಯಾಲಯವಿದೆ. ಆದರೂ ನಿರ್ಧಾರ ಮಾತ್ರ ಬರ ಬಿದ್ದ ನೆಲದಿಂದ ದೂರದಲ್ಲಿಯೇ ಆಗುತ್ತದೆ. ವಿಪತ್ತಿನ ನೆರವನ್ನು ಕುರಿತ ಸಾರ್ವಭೌಮತೆಯ ಚರ್ಚೆ ರಾಷ್ಟ್ರದ ಗಡಿಯಲ್ಲಿಯೇ ನಿಲ್ಲದೆ, ಈ ದೂರವನ್ನೂ ಒಳಗೊಳ್ಳಬೇಕಾಗಿದೆ.