ಮರಕ್ಕೆ ಉಲ್ಲನ್ ಅಂಗಿ ತೊಡಿಸಬಹುದೇ?

ಪ್ರಶ್ನೆ: ಹೊರದೇಶದ ಬೀದಿಗಳಲ್ಲಿ ಮರ, ಕಂಬ, ಬೆಂಚುಗಳಿಗೆ ಬಣ್ಣಬಣ್ಣದ ಉಲ್ಲನ್ ಹೆಣಿಗೆ ಹೊದಿಸಿರುವ ಚಿತ್ರಗಳನ್ನು ನೋಡಿದೆ. ಇದೇನು? ನಮ್ಮ ಪೇಪರ್ ಟೌನ್‌ನಲ್ಲಿ, ಶಿವಮೊಗ್ಗದಲ್ಲಿ ಹೀಗೆ ಮಾಡಬಹುದೇ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ಖಂಡಿತ ಮಾಡಬಹುದು. ಆದರೆ ಮರಗಳನ್ನು ಬಿಟ್ಟುಬಿಡಿ, ಮಳೆಗಾಲ ಮುಗಿಯುವವರೆಗೆ ಕಾಯಿರಿ.

ಇದಕ್ಕೆ ಯಾರ್ನ್ ಬಾಂಬಿಂಗ್ ಎಂದು ಹೆಸರು. 2005ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮ್ಯಾಗ್ಡಾ ಸಾಯೆಗ್ ಎಂಬಾಕೆ ತಮ್ಮ ಅಂಗಡಿಯ ಬಾಗಿಲ ಹಿಡಿಕೆಗೆ ಹೆಣಿಗೆಯ ತುಂಡೊಂದನ್ನು ಸುತ್ತಿದರು. ಅದು ಜನರಿಗೆ ಹಿಡಿಸಿತು. ಅಲ್ಲಿಂದ ರಸ್ತೆ ಫಲಕದ ಕಂಬಕ್ಕೆ, ಆಮೇಲೆ ಮೆಕ್ಸಿಕೊ ನಗರದಲ್ಲಿ ಇಡೀ ಬಸ್ಸಿಗೇ ಹೊದಿಕೆ ಬಂತು. ಮಾಡುವ ಕ್ರಮ ಸರಳ: ಕಂಬದ ಸುತ್ತಳತೆ ತೆಗೆದುಕೊಂಡು ಮನೆಯಲ್ಲೇ ಪಟ್ಟಿಯಾಗಿ ಹೆಣೆದು, ಜಾಗಕ್ಕೆ ಹೋಗಿ ಅಂಚಿಗೆ ಅಂಚು ಕೂಡಿಸಿ ಹೊಲಿಯುವುದು. ಅಳತೆಗಿಂತ ತುಸು ಚಿಕ್ಕದಾಗಿ ಹೆಣೆದರೆ ಬಿಗಿಯಾಗಿ ಕೂರುತ್ತದೆ.

ನಮ್ಮ ಹೆಂಗಸರಿಗೆ ಈ ಕೆಲಸ ಹೊಸದಲ್ಲ. ಬಾಗಿಲ ಉಲ್ಲನ್ ತೋರಣ, ಟಿ.ವಿ. ಮೇಲಿನ ಕ್ರೋಶಾ ಹೊದಿಕೆ, ಮೊಮ್ಮಗುವಿನ ಕುಲಾವಿ ಎಲ್ಲವೂ ಈ ಕೈಗಳದ್ದೇ. ಅಷ್ಟು ಕೌಶಲ ಹೊಸ್ತಿಲಿನ ಒಳಗೇ ಉಳಿದುಬಿಟ್ಟಿದೆಯಲ್ಲ ಎಂಬ ಕೊರಗು ನನಗಿದೆ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಹಿರಿಯ ಮಾದರಿ ಇದೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಆ ಬುಟ್ಟಿ ಹೊತ್ತು ಗದ್ದೆಗೆ ಹೋಗುವಾಗ ಚಿತ್ತಾರವೂ ಮನೆಯಿಂದ ಹೊರಗೆ ಬರುತ್ತದೆ. ಅದರ ನೇರ ಗೆರೆ, ಚೌಕ, ತ್ರಿಕೋನಗಳು ಕ್ರೋಶಾ ಚೌಕಗಳಿಗೆ ಹೇಳಿ ಮಾಡಿಸಿದಂತಿವೆ. ಹೊರದೇಶದ ಹೂವಿನ ನಮೂನೆಗಳನ್ನು ನಕಲು ಮಾಡುವ ಬದಲು ಕೆಂಪು, ಬಿಳಿ, ಕಪ್ಪು ದಾರ ತಂದು ಚಿತ್ತಾರವನ್ನೇ ಹೆಣೆಯಿರಿ. ಚಿತ್ತಾರ ಬರೆಯುವವರನ್ನೂ ಕರೆದು ಕೂರಿಸಿಕೊಳ್ಳಿ. ಯಾವ ಗೆರೆ ಎಲ್ಲಿರಬೇಕೆಂದು ಅವರಿಗೆ ಗೊತ್ತು.

ಇನ್ನು ಮಳೆಯ ಮಾತು. ಯಾರ್ನ್ ಬಾಂಬಿಂಗ್‌ಗೆಂದೇ 2011ರಿಂದ ಒಂದು ಅಂತರರಾಷ್ಟ್ರೀಯ ದಿನವಿದೆ, ಜೂನ್ 11. ನಮಗದು ಮುಂಗಾರು ಕಾಲಿಡುವ ಹೊತ್ತು. ಹತ್ತಿಯ ದಾರ ನೆನೆದು ಜೋತುಬಿದ್ದು ಬೂಷ್ಟು ಹಿಡಿಯುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅದು ಕೊಳೆಯುವುದಿಲ್ಲ, ಆದರೆ ಸವೆದ ಎಳೆಗಳು ಚರಂಡಿ ಹಿಡಿದು ತುಂಗೆಗೋ ಭದ್ರೆಗೋ ಸೇರುವ ಪ್ಲಾಸ್ಟಿಕ್. ಹಾಗಾಗಿ ಭೂಮಿ ಹುಣ್ಣಿಮೆ ಕಳೆದ ಮೇಲೆ ಹಾಕಿ, ಶಿವರಾತ್ರಿಯೊಳಗೆ ಬಿಚ್ಚಿಬಿಡಿ.

ಮರ ಬೇಡವೆಂದದ್ದಕ್ಕೂ ಕಾರಣ ತೇವವೇ. ಒದ್ದೆ ಹೊದಿಕೆ ತೊಗಟೆಯನ್ನು ಒಣಗಗೊಡದು, ಹುಳು ಸೇರುತ್ತವೆ. ಬಿಚ್ಚಲು ಮರೆತರೆ ಕಾಂಡ ದಪ್ಪವಾದಂತೆ ಬಿಗಿದುಕೊಳ್ಳುತ್ತದೆ. ಕರೆಂಟು ಕಂಬದ ಹತ್ತಿರವಂತೂ ಸುಳಿಯಲೇಬೇಡಿ. ಪಾರ್ಕಿನ ಕಂಬಿಬೇಲಿ, ಶಾಲೆಯ ಗೇಟು, ಬಸ್ ತಂಗುದಾಣದ ಕಂಬ ಇವೆಯಲ್ಲ, ಅವು ಸಾಕು. ಸಾರ್ವಜನಿಕ ಜಾಗಗಳನ್ನು ವಿರೂಪಗೊಳಿಸುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆಯೇ ಇರುವುದರಿಂದ ಭದ್ರಾವತಿಯಲ್ಲಿ ನಗರಸಭೆಗೆ, ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಗೆ ಅರ್ಜಿ ಕೊಟ್ಟು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಿಚ್ಚುವ ತಾರೀಖನ್ನೂ ಅರ್ಜಿಯಲ್ಲೇ ನಮೂದಿಸಿ.

ಜನ ಸೇರುತ್ತಾರೋ ಇಲ್ಲವೋ ಎಂಬ ಅಂಜಿಕೆ ಬೇಡ. 2016ರ ಜನವರಿ 31ರಂದು ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗದವರು ತುಂಡು ತುಂಡಾಗಿ ಹೆಣೆದದ್ದನ್ನು ಜೋಡಿಸಿ 11,148.5 ಚದರ ಮೀಟರಿನ ಕಂಬಳಿ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ನಿಮ್ಮ ಬೀದಿಗೆ ಹತ್ತು ಮನೆಯವರು ಕೂತರೆ ಸಾಕು. ಅಂಗೈ ಅಗಲದ ಚೌಕಗಳಿಂದ ಶುರು ಮಾಡಿ. ಬಿಚ್ಚಿದ ಮೇಲೆ ಅವನ್ನೇ ಒಗೆದು, ಜೋಡಿಸಿ ಹೊಲಿದರೆ ಅಂಗನವಾಡಿ ಮಕ್ಕಳಿಗೆ ಹೊದಿಕೆಯಾಗುತ್ತದೆ.