ಅಶ್ವಿನಿ ಮಳೆಯ ಮರುದಿನ: ಹೊಲದ ಬದು ಕಲಿಸುವ ಪಾಠ



ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಈ ಅಡ್ಡಮಳೆಗಳು ಬಿದ್ದ ಮೇಲೆ ಸಂಶಿಯ ಸುತ್ತಲಿನ ಎರಿ ಹೊಲಗಳಲ್ಲಿ ಹರಗುವ ಕೆಲಸ ಶುರುವಾಗುತ್ತದೆ. ರಜೆಯಲ್ಲಿ ನಾಲ್ಕು ಜನ ಗೆಳೆಯರು ಕೂಡಿ ಬಂಡಿ ದಾರಿಯಲ್ಲಿ ಒಂದು ಸುತ್ತು ಹಾಕಲು ಇದೇ ಒಳ್ಳೆಯ ಕಾಲ. ಮಳೆಯಾದ ದಿನ ಎರಿ ಮಣ್ಣು ಚಪ್ಪಲಿ ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಹೊರಡಿ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಊರಿಗೆ ಮರಳಿ.

ಹೂಗಳು

ಹೊಲವೆಲ್ಲ ಉತ್ತ ನೆಲ. ಕಾಡು ಗಿಡಗಳಿಗೆ ಉಳಿದ ಜಾಗ ಬದು ಮಾತ್ರ. ಅಲ್ಲಿ ಹಳದಿ ಹೂವಿನ ಆವರಿಕೆ, ನೆಲಕ್ಕೆ ಹರಡಿದ ನೆಗ್ಗಿಲು ಮುಳ್ಳು, ತಿಳಿ ನೇರಳೆ ಬಣ್ಣದ ಎಕ್ಕೆ ಹೂ ನೋಡಿರಿ. ಎಕ್ಕೆಯ ಹಾಲು ವಿಷ. ಆದರೂ ‘ಪ್ಲೇನ್ ಟೈಗರ್’ ಚಿಟ್ಟೆಯ ಮರಿಹುಳು ಅದರ ಎಲೆ ತಿಂದೇ ಬೆಳೆಯುತ್ತದೆ. ಆ ವಿಷ ಮೈಯಲ್ಲಿರುವುದರಿಂದ ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಬಿಳಿ ತುತ್ತೂರಿಯಂಥ ಹೂವಿನ ದತ್ತೂರಿ ಸಿಕ್ಕರೆ ನೆನಪಿಡಿ: ನಮ್ಮ ಮೆಣಸಿನಕಾಯಿ ಗಿಡವೂ ಅದೂ ಒಂದೇ ಸೊಲನೇಸಿ ಕುಟುಂಬದವು. ಆದರೆ ದತ್ತೂರಿ ವಿಷ, ಬಾಯಿಗೆ ಹಾಕಬಾರದು. ಪಾರ್ಥೇನಿಯಂ ಕಸ ಅಮೆರಿಕ ಖಂಡದಿಂದ ಬಂದದ್ದು; ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತದೆ.

ಹಕ್ಕಿಗಳು

ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ, ಕಾಜಾಣಗಳು ನಡೆದಿರುತ್ತವೆ. ಮಣ್ಣು ಮಗುಚಿದಾಗ ಮೇಲೆ ಬರುವ ಹುಳುಗಳೇ ಅವುಗಳ ಊಟ. ತಂತಿಯ ಮೇಲೆ ಕುಳಿತು ಮಿಡತೆ ಕಾಯುವ ನೀಲಕಂಠ ನಮ್ಮ ರಾಜ್ಯಪಕ್ಷಿ. ಟಿಟ್ಟಿಭವಂತೂ ಬರಿ ನೆಲದ ತಗ್ಗಿನಲ್ಲಿಯೇ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣ, ಕಪ್ಪು ಚುಕ್ಕೆ, ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ಹಕ್ಕಿ ನಿಮ್ಮ ತಲೆಯ ಮೇಲೆ ಚೀರುತ್ತ ಸುತ್ತಿದರೆ ಗೂಡು ಹತ್ತಿರವಿದೆ ಎಂದರ್ಥ; ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಬದು ಯಾಕೆ ಮುಖ್ಯ?

ಬದುವಿಗೆ ಬೆಂಕಿ ಹಚ್ಚಿದರೆ, ಕಳೆನಾಶಕ ಹೊಡೆದರೆ ಹೂ ಹೋಗುತ್ತದೆ. ಹೂ ಹೋದರೆ ಜೇನು, ಚಿಟ್ಟೆ ಹೋಗುತ್ತವೆ. ಹುಳು ಕಡಿಮೆಯಾದರೆ ಹಕ್ಕಿಯೂ ದೂರವಾಗುತ್ತದೆ. ಬೆಳೆಯ ಹುಳ ತಿನ್ನುವ ಹಕ್ಕಿ ದೂರವಾದರೆ ನಷ್ಟ ರೈತನಿಗೇ. ನಮ್ಮಲ್ಲಿ ಬಹಳ ಜನ ರೈತರ ಮಕ್ಕಳು. ಮನೆಯಲ್ಲಿ ಅಪ್ಪ, ಅಜ್ಜನ ಹತ್ತಿರ ಕುಳಿತು ಈ ಮಾತು ಆಡಬಹುದು. ಹರಗುವಾಗ ಟಿಟ್ಟಿಭದ ಗೂಡು ಕಂಡರೆ ಸುತ್ತ ಒಂದು ಮಾರು ಜಾಗ ಬಿಡಿ ಎಂದು ಕೇಳಬಹುದು.

ಬರೆದಿಡಿ

ಸಲೀಂ ಅಲಿ (1896–1987) ಹುಡುಗನಿದ್ದಾಗ ತಾನು ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದು ಯಾವ ಹಕ್ಕಿಯೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಆ ಒಂದು ಪ್ರಶ್ನೆ ಅವರನ್ನು ದೇಶದ ದೊಡ್ಡ ಪಕ್ಷಿತಜ್ಞರನ್ನಾಗಿ ಮಾಡಿತು. ನೀವೂ ದಿನಾಂಕ, ಹೊತ್ತು, ಸ್ಥಳ, ಕಂಡದ್ದು, ಅದು ಮಾಡುತ್ತಿದ್ದ ಕೆಲಸ – ಈ ಐದನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಿ, ಊರಿನ ಹಿರಿಯರನ್ನು ಕೇಳಿ.

ಅಭ್ಯಾಸ

1. ಒಂದೇ ಬದುವನ್ನು ಅಶ್ವಿನಿ, ಭರಣಿ, ರೋಹಿಣಿ ಮಳೆಗಳ ನಂತರ ನೋಡಿ. ಯಾವ ಹೂ ಹೊಸದಾಗಿ ಬಂತು?
2. ಬೆಂಕಿ ಹಚ್ಚಿದ ಬದು, ಹಚ್ಚದ ಬದು – ಎರಡರಲ್ಲೂ ಹತ್ತು ನಿಮಿಷ ನಿಂತು ಹಕ್ಕಿ, ಚಿಟ್ಟೆಗಳನ್ನು ಎಣಿಸಿ. ವ್ಯತ್ಯಾಸ ಏನು?

ಕಾಲೇಜು ಶುರುವಾದಾಗ ನಿಮ್ಮ ಪಟ್ಟಿಯನ್ನು ಜೀವಶಾಸ್ತ್ರ ಉಪನ್ಯಾಸಕರಿಗೆ ತೋರಿಸಿರಿ.